ಅಂಗೈಯಲ್ಲಿ ಪುಡಿ, ಬಾಯಲ್ಲಿ ಸರಿ

ಆಗಷ್ಟೇ ಬೀಸಿದ ಕಾಫಿ ಪುಡಿ ಬೆಚ್ಚಗಿರುತ್ತದೆ. ಒಂದು ಚಿಟಿಕೆಯಷ್ಟನ್ನು ಎಡಗೈ ನಡುವೆ ಹಾಕಿಸಿಕೊಂಡು ಬಲಗೈ ಹೆಬ್ಬೆರಳಿನಿಂದ ಮೂರು ಸುತ್ತು ಉಜ್ಜಿದರೆ ಅಂಗೈಯ ಗೆರೆಗಳೆಲ್ಲ ಕಂದು ಬಣ್ಣ ಹಿಡಿದು ಎದ್ದು ಕಾಣುತ್ತವೆ. ಎರಡು ಸಲ ತೊಳೆದರೂ ಪೂರ್ತಿ ಹೋಗುವುದಿಲ್ಲ.

ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಕಾಫಿ ಬೀಜ ಹುರಿದು, ಬೀಸಿ, ಸಗಟಾಗಿ ಮಾರುವ ಹಿರಿಯರೊಬ್ಬರಿದ್ದಾರೆ. ಅವರ ಅಂಗಡಿಯ ಕ್ರಮ ಇದು. ಕಾಲು ಕಿಲೋ ಕೊಳ್ಳುವವರಿರಲಿ, ಹತ್ತು ಕಿಲೋ ಒಯ್ಯುವ ಹೋಟೆಲಿನವರಿರಲಿ, ಡಬ್ಬಕ್ಕೆ ಪುಡಿ ತುಂಬುವ ಮೊದಲು ಒಂದು ಚಿಟಿಕೆ ಅವರ ಅಂಗೈಗೆ ಹಾಕಿ, "ಸರಿಯಾ?" ಎಂದು ಕೇಳುತ್ತಾರೆ. ಕೊಳ್ಳುವವರು ಉಜ್ಜಿ, ಮೂಸಿ, "ಸರಿ" ಅನ್ನಬೇಕು. ಆಮೇಲೆಯೇ ತಕ್ಕಡಿ ಮೇಲೇಳುವುದು. ಅಲ್ಲಿಗೆ ಬರುವವರಲ್ಲಿ ತಮಿಳಿನವರು ಹೆಚ್ಚು, ಕನ್ನಡದವರೂ ಇದ್ದಾರೆ, ಗಡಿ ಕಡೆಯ ತೆಲುಗಿನವರು ಕೂಡ. ಈ ಒಂದು ಮಾತಿಗೆ ಯಾರೂ ಭಾಷೆ ಬದಲಾಯಿಸಬೇಕಾಗಿರಲಿಲ್ಲ. ತೆಲುಗಿನವರು "ಸರೇ" ಅನ್ನುತ್ತಿದ್ದರು, ಅಷ್ಟೇ ವ್ಯತ್ಯಾಸ. ಇದಕ್ಕೆ ಬೇರೆ ಉತ್ತರ ಕೊಟ್ಟವರನ್ನು ನಾನು ನೋಡಿರಲಿಲ್ಲ.

ಬಂಗಾರಪೇಟೆ ರೈಲು ನಿಲ್ದಾಣದ ಎದುರು ರಸ್ತೆಯಲ್ಲಿ ಎಂಟಡಿ ಅಗಲದ ಒಂದು ಕಾಫಿ ಅಂಗಡಿ ನಮ್ಮದು. ಅಮ್ಮ ಮತ್ತು ನಾನು ನಡೆಸುತ್ತೇವೆ. ಬೆಳಗಿನ ಜಾವದ ರೈಲುಗಳಿಗೆ ಹೋಗುವವರು, ಬೂದಿಕೋಟೆ ಕಡೆಯಿಂದ ಮೊದಲ ಬಸ್ಸಿನಲ್ಲಿ ಬಂದಿಳಿಯುವ ಕೂಲಿಯವರು, ಕ್ಯಾಸಂಬಳ್ಳಿಯಿಂದ ತರಕಾರಿ ಮೂಟೆ ತರುವ ಹೆಂಗಸರು ನಮ್ಮ ಗಿರಾಕಿಗಳು. ನಾಲ್ಕೂವರೆಯಿಂದ ಒಂಬತ್ತರವರೆಗೆ ನಿಲ್ಲಲು ಪುರುಸೊತ್ತಿರುವುದಿಲ್ಲ. ಅಂಗಡಿ ಆಗುವ ಮೊದಲು ಅಮ್ಮ ಒಂದು ಸೀಮೆಎಣ್ಣೆ ಸ್ಟೌ, ಒಂದು ಹಿತ್ತಾಳೆ ಪಾತ್ರೆ ಇಟ್ಟುಕೊಂಡು ಇದೇ ಜಾಗದಲ್ಲಿ ಕಾಫಿ ಮಾರುತ್ತಿದ್ದಳು. ಆಗಿನಿಂದಲೂ ಅವರದೇ ಪುಡಿ. ಅಮ್ಮ ಅವರನ್ನು ಅಣ್ಣ ಅನ್ನುತ್ತಿದ್ದುದರಿಂದ ನನಗೆ ಅವರು ಮಾಮ, ಅವರ ಹೆಂಡತಿ ಅತ್ತೆ.

ನಾನು ಎಂ.ಎಸ್ಸಿ. ಮಾಡಿದ್ದು ರಸಾಯನಶಾಸ್ತ್ರದಲ್ಲಿ. ಓದು ಮುಗಿಸಿ ಬಂದ ಮೇಲೆ ಮಂಗಳವಾರದ ಖರೀದಿ ನನ್ನ ಪಾಲಿಗೆ ಬಂತು. ಮಧ್ಯಾಹ್ನದ ಮಾರಿಕುಪ್ಪಂ ರೈಲು ಹತ್ತಿ ಊರಿಗಾಂನಲ್ಲಿ ಇಳಿದು, ಆಟೋ ಸಿಕ್ಕರೆ ಆಟೋ, ಇಲ್ಲದಿದ್ದರೆ ನಡಿಗೆ. ಆರು ಕಿಲೋ ಪುಡಿ, ಮುಕ್ಕಾಲು ಪಾಲು ಕಾಫಿ, ಕಾಲು ಪಾಲು ಚಿಕೋರಿ, ಕಾಫಿಯಲ್ಲಿ ಅರ್ಧದಷ್ಟು ಪೀಬೆರಿ ಎನ್ನುವ ದುಂಡು ಬೀಜ. ಇಷ್ಟನ್ನು ನಾನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಮೊದಲ ಸಲ ಮಾಮ ಆ ಚೀಟಿಯನ್ನು ಕಣ್ಣಿನಿಂದ ದೂರ ಹಿಡಿದು ನೋಡಿ, "ಏನ್ ಪಾಪಾ ಇದು, ಡಾಕ್ಟರ್ ಬರೆದುಕೊಟ್ಟರಾ? ಊಟಕ್ಕೆ ಮುಂಚೇನಾ, ಆಮೇಲಾ?" ಎಂದು ಕೇಳಿದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಆಮೇಲೆ ಚೀಟಿ ತೆಗೆದುಕೊಂಡು ಹೋಗಲಿಲ್ಲ.

ಅಂಗಡಿಯ ಹಿಂಬದಿಗೆ ತಗಡಿನ ಕೊಟ್ಟಿಗೆಯಂಥದ್ದೊಂದು ಇದೆ. ಅಲ್ಲಿ ಕಟ್ಟಿಗೆ ಒಲೆಯ ಮೇಲೆ ಕಬ್ಬಿಣದ ಡ್ರಮ್ಮು, ಅದನ್ನು ತಿರುಗಿಸಲು ಒಂದು ಹಿಡಿ. ಗೋಡೆ, ಸೂರು, ಬಲ್ಬು ಎಲ್ಲಕ್ಕೂ ಮಸಿ. ಬೀಜದ ಬಣ್ಣ ಆ ಕತ್ತಲಲ್ಲಿ ಕಾಣುವಂಥದ್ದಲ್ಲ. ಮಾಮ ಡ್ರಮ್ಮಿನ ಬಾಯಿಗೆ ಮುಖ ಒಡ್ಡಿ, ಹೊಗೆಯಲ್ಲಿ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು. ಒಂದು ಗಳಿಗೆಯಲ್ಲಿ "ಈಗ" ಅನ್ನುತ್ತಿದ್ದರು. ತಕ್ಷಣ ಬೀಜವನ್ನು ಜರಡಿಗೆ ಸುರಿಯಬೇಕು, ಅತ್ತೆ ಮೊರದಿಂದ ಗಾಳಿ ಹಾಕಿ ಆರಿಸಬೇಕು. ಅರ್ಧ ನಿಮಿಷ ತಡವಾದರೂ ಬೀಜ ತನ್ನ ಬಿಸಿಗೆ ತಾನೇ ಸೀಯುತ್ತದೆ. ನಾನು ಚಿಕ್ಕವಳಿದ್ದಾಗ ಅಮ್ಮನ ಜೊತೆ ಹೋಗಿ ಇದನ್ನು ನೋಡಿದ್ದೇನೆ. ಆ "ಈಗ" ಎಂಬುದು ಅವರಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದ್ದಕ್ಕೆ, ಅವರು ತಮ್ಮ ಮೂಗಿನ ತುದಿಯನ್ನು ಎರಡು ಬೆರಳಿನಿಂದ ಹಿಡಿದು ಅಲ್ಲಾಡಿಸಿದ್ದರು.

ಕೊರೋನಾ ಎರಡನೇ ಸಲ ಜೋರಾಗಿದ್ದಾಗ ಅವರ ಅಂಗಡಿ ಎರಡು ತಿಂಗಳು ಮುಚ್ಚಿತ್ತು. ಮಾಮನಿಗೆ ಜ್ವರ ಬಂದಿತ್ತು, ವಾಸಿಯಾಯಿತು ಎಂದಷ್ಟೇ ನಮಗೆ ಗೊತ್ತಾದದ್ದು. ಮತ್ತೆ ತೆರೆದ ಮೇಲೆ ನಾನು ಹೋದಾಗ ಸ್ವಲ್ಪ ಇಳಿದಿದ್ದರು, ಅಷ್ಟೇ. ಎಂದಿನಂತೆ ಅಂಗೈಗೆ ಪುಡಿ ಹಾಕಿ "ಸರಿಯಾ?" ಅಂದರು. ಉಜ್ಜಿ ಮೂಸಿದೆ. ತೆಂಗಿನ ಚಿಪ್ಪು ಸುಟ್ಟಂಥ ವಾಸನೆ. ಒಂದು ಕ್ಷಣ ನನ್ನ ಮೂಗನ್ನೇ ಅನುಮಾನಿಸಿದೆ. ನನ್ನ ಹಿಂದೆ ನಾಲ್ವರು ನಿಂತಿದ್ದರು. ಕಾಯಿಲೆಯಿಂದ ಎದ್ದು ಬಂದು ಅಂಗಡಿ ತೆರೆದವರ ಮೊದಲ ವಾರವದು.

"ಸರಿ," ಅಂದೆ.

ಮರುದಿನ ನಮ್ಮ ಅಂಗಡಿಯಲ್ಲಿ ಕ್ಯಾಸಂಬಳ್ಳಿಯ ತರಕಾರಿ ಹೆಂಗಸೊಬ್ಬಳು ಒಂದು ಗುಟುಕು ಕುಡಿದು ಲೋಟವನ್ನು ಕಣ್ಣಮುಂದೆ ಹಿಡಿದು ನೋಡಿದಳು. "ಏನಕ್ಕಾ, ಇವತ್ತು ಕಾಫಿಗೆ ಬದ್ಲು ಕಷಾಯ ಕಾಸಿದ್ಯಾ? ನಂಗೇನ್ ಜ್ವರ ಬಂದಿಲ್ಲ ಕಣಕ್ಕೋ."

"ಕುಡಿ ಕುಡಿ, ಬರೋ ಜ್ವರ ಇದ್ರೂ ಓಗ್ತದೆ," ಅಂದಳು ಅಮ್ಮ. ಅವಳು ಹೋದ ಮೇಲೆ ನನ್ನ ಕಡೆ ತಿರುಗಿದಳು. "ಸೀದೋಗೈತಲ್ಲೇ ಪುಡಿ. ನೀನು ಮೂಸಿ ನೋಡ್ಲಿಲ್ವಾ?"

"ಮೂಸಿದೆ."

"ಮೂಸಿ?"

"ಸರಿ ಅಂದೆ."

ಅಮ್ಮ ಬಯ್ಯಲಿಲ್ಲ. ಸೋಸುವ ಬಟ್ಟೆ ಹಿಂಡುತ್ತ, "ನಾನೂ ಅಷ್ಟೇ ಬಿಡು. ಇಷ್ಟು ವರ್ಷ ಒಂದಿನಾನೂ ಮೂಸಿಲ್ಲ. ಕೈಯ ಮೂಗಿನ್ತಾವ ತಗೊಂಡೋಗಿ ಸರಿ ಅಣ್ಣಾ ಅಂತಿದ್ದೆ. ಆವಯ್ಯನ ಪುಡೀನ ನಾವು ಮೂಸೋದೇನು, ದೇವ್ರ ಪ್ರಸಾದಕ್ಕೆ ಉಪ್ಪು ನೋಡ್ದಂಗೆ," ಅಂದಳು.

ಆ ಅಂಗಡಿಯ ಪ್ರಶ್ನೆ ಎಂಥದ್ದು ಎಂದು ನನಗೆ ಆಗ ತಿಳಿಯಿತು. ಅದು ಪ್ರಶ್ನೆಯೇ ಆಗಿರಲಿಲ್ಲ. ಮಾಮ ಕೇಳುತ್ತಿದ್ದುದು ಮರ್ಯಾದೆಗೆ, ಗಿರಾಕಿಗಳು ಹೇಳುತ್ತಿದ್ದುದೂ ಮರ್ಯಾದೆಗೆ. ಪುಡಿ ಚೆನ್ನಾಗಿದೆ ಎನ್ನುವುದಕ್ಕೂ ನಮ್ಮಲ್ಲಿ ಸರಿ ಅನ್ನುತ್ತೇವೆ. ಆಯಿತು, ತೂಗಿ, ನನಗೆ ರೈಲಿಗೆ ಹೊತ್ತಾಯಿತು ಎನ್ನುವುದಕ್ಕೂ ಸರಿ ಎಂದೇ ಅನ್ನುವುದು. ಇಷ್ಟು ವರ್ಷ ಎರಡರಲ್ಲಿ ಯಾವುದು ಎಂದು ಯಾರೂ ವಿಚಾರಿಸುವ ಅಗತ್ಯ ಬಂದಿರಲಿಲ್ಲ.

ಆಮೇಲಿನ ವಾರಗಳಲ್ಲಿ ಪುಡಿ ಒಂದು ಸಲ ಚೆನ್ನಾಗಿರುತ್ತಿತ್ತು, ಎರಡು ಸಲ ಸೀದಿರುತ್ತಿತ್ತು. ಒಮ್ಮೆ ಹಸಿಹಸಿ, ಬೇಯಿಸದ ಕಾಳಿನಂತೆ. ಪ್ರತಿ ಸಲವೂ ಈ ಸಲ ಹೇಳಬೇಕು ಎಂದುಕೊಂಡೇ ಹೋಗುತ್ತಿದ್ದೆ. ರೈಲಿನಲ್ಲಿ ವಾಕ್ಯ ಜೋಡಿಸುತ್ತಿದ್ದೆ. ಮಾಮಾ, ಒಲೆ ಸ್ವಲ್ಪ ಜೋರಾಯಿತೇನೋ. ಮಾಮಾ, ಈ ಸಲದ ಬೀಜ ಹಳೆಯದಿತ್ತೇನೋ. ಅಂಗೈಗೆ ಪುಡಿ ಬಿದ್ದು, ಅವರು ತಲೆ ತಗ್ಗಿಸಿ ನನ್ನ ಮುಖ ನೋಡಿದ ಕೂಡಲೇ ಆ ವಾಕ್ಯಗಳು ಇರುತ್ತಿರಲಿಲ್ಲ. ಸರಿ ಅನ್ನುತ್ತಿದ್ದೆ. ನನ್ನ ಹಿಂದಿನವರೂ ಅನ್ನುತ್ತಿದ್ದರು. ಕೆಲವರು ಎರಡು ವಾರ ಸರಿ ಎಂದು ಹೇಳಿ ಮೂರನೆಯ ವಾರದಿಂದ ಬರುವುದನ್ನೇ ನಿಲ್ಲಿಸಿದರು. ಅದು ನನಗೆ ಕಾಣುತ್ತಿತ್ತು. ಮಾಮನಿಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ. ಅವರು ಮೊದಲಿಗಿಂತ ಹೆಚ್ಚು ಹೊತ್ತು ನಮ್ಮ ಮುಖ ನೋಡುತ್ತಿದ್ದರು.

ಬರುವುದು ನಿಲ್ಲಿಸಿದವರಿಗಿಂತ ನಾನೂ ಒಳ್ಳೆಯವಳೇನಲ್ಲ. ಬಂಗಾರಪೇಟೆಯಲ್ಲೇ ಕರೆಂಟಿನ ಯಂತ್ರ ಇಟ್ಟುಕೊಂಡು ಕಾಫಿ ಹುರಿಯುವ ಒಬ್ಬರು ಹೊಸದಾಗಿ ಅಂಗಡಿ ಹಾಕಿದ್ದರು. ಅವರಿಂದ ಎರಡು ಕಿಲೋ, ಆಮೇಲೆ ಮೂರು ಕಿಲೋ ತರಲು ಶುರುಮಾಡಿದೆ. ಮಾಮನ ಪುಡಿಗೆ ಅದನ್ನು ಬೆರೆಸಿದರೆ ಸೀದ ವಾಸನೆ ಅಡಗುತ್ತಿತ್ತು. ಯಾವ ವಾರ ಎಷ್ಟು ಬೆರೆಸಿದರೆ ಸಾಕು ಎಂದು ಲೋಟಗಳಲ್ಲಿ ಹಾಕಿ ನೋಡಿ ನಿರ್ಧರಿಸುತ್ತಿದ್ದೆ. ಅಮ್ಮ ನೋಡಿಯೂ ನೋಡದಂತಿದ್ದಳು. ಮಾಮನ ಹತ್ತಿರ ಕೊಳ್ಳುವುದು ಆರು ಕಿಲೋದಿಂದ ಮೂರಕ್ಕೆ ಇಳಿದಾಗ, "ವ್ಯಾಪಾರ ಕಮ್ಮಿನಾ ಪಾಪಾ?" ಎಂದು ಕೇಳಿದರು. ಹೌದು ಅಂದೆ.

ಹೀಗೆ ಒಂದೂವರೆ ವರ್ಷ ಹೋಯಿತು.

ಒಂದು ಮಂಗಳವಾರ ನಾನು ಹೋದಾಗ ಮಾಮ ಕಟ್ಟಿಗೆ ನೋಡಲು ಆಂಡರ್ಸನ್‌ಪೇಟೆಗೆ ಹೋಗಿದ್ದರು. ಅತ್ತೆ ಒಬ್ಬರೇ ಬೀಸುವ ಯಂತ್ರದ ಮುಂದೆ ಕೂತಿದ್ದರು. ಪುಡಿಯನ್ನು ನನ್ನ ಅಂಗೈಗೆ ಹಾಕಲಿಲ್ಲ, ನೇರ ತೂಗಲು ಹೋದರು. ನಾನು ಅಭ್ಯಾಸದಿಂದ ಕೈ ಚಾಚಿದೆ.

"ಯಾಕಮ್ಮಾ ಕೈ? ಮೂಸಿ ಏನ್ ಹೇಳ್ತೀಯ, ಸರಿ ಅಂತ ತಾನೇ?" ಅಂದರು ಅತ್ತೆ.

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಅವರಿಗೆ ವಾಸನೆ ಹೋಗಿ ಎಷ್ಟು ದಿನ ಆಯ್ತು ಗೊತ್ತಾ? ಆ ಜ್ವರದಲ್ಲಿ ಹೋದದ್ದು ವಾಪಸ್ ಬರಲೇ ಇಲ್ಲ. ಒಲೆ ಮೇಲೆ ಹಾಲು ಸೀದು ಪಾತ್ರೆ ಕಪ್ಪಾಗಿದೆ, ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದಾರೆ. ನಾನು ಹಿತ್ತಲಿಂದ ಓಡಿಬಂದೆ."

"ಯಾರಿಗೂ ಹೇಳಿಲ್ವಾ ಅತ್ತೆ?"

"ಯಾರಿಗೆ ಹೇಳ್ತಾರೆ? ಮೂಗಿಲ್ಲದವನ ಅಂಗಡೀಲಿ ಯಾರು ಕಾಫಿ ತಗೋತಾರೆ? ಮೊದ್ಲು ಸುಮ್ಮನೆ ಕೇಳ್ತಿದ್ರು, ಸರಿಯಾ ಅಂತ. ಈಗ ನಿಜವಾಗ್ಲೂ ಕೇಳ್ತಾರಮ್ಮಾ. ನೀವು ಸರಿ ಅಂದಷ್ಟು ಹೊತ್ತು ಡ್ರಮ್ಮು ತಿರುಗಿಸಿದ್ದು ಸರಿ ಅಂದ್ಕೋತಾರೆ. ಮಾರನೇ ದಿನಾನೂ ಅಷ್ಟೇ ಹೊತ್ತು ತಿರುಗಿಸ್ತಾರೆ."

"ನಿಮಗೆ ಗೊತ್ತಾಗುತ್ತಲ್ಲ. ನೀವೇ ಹೇಳಬಹುದಲ್ಲ?"

"ಹೇಳ್ದೆ. ಸೀದಿದೆ ರೀ ಅಂದೆ. ಹತ್ತು ಜನ ಗಿರಾಕಿ ಸರಿ ಅಂತಾರೆ, ನಿನ್ನೊಬ್ಬಳ ಮೂಗು ದೊಡ್ಡದು ಅಂದ್ರು. ನಲವತ್ತು ವರ್ಷದಲ್ಲಿ ನಾನು ಹೇಳಿದ್ದು ಯಾವುದು ಸರಿ ಆಗಿದೆ, ಇದು ಆಗೋಕೆ?" ಅತ್ತೆ ತಕ್ಕಡಿಯ ತಟ್ಟೆಯನ್ನು ಸೆರಗಿನಿಂದ ಒರೆಸಿದರು. "ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡ ತಾಯಿ. ಅವರು ಬದುಕಲ್ಲ."

ವಾಪಸು ಬರುವಾಗ ರೈಲಿನಲ್ಲಿ ಆ ಒಂದೂವರೆ ವರ್ಷದ ಮಂಗಳವಾರಗಳನ್ನು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ.

ನಾನು ಮಾಡಿದ್ದು ಓದಿದವರು ಮಾಡುವಂಥ ಕೆಲಸ. ಉದ್ದ ಕಡ್ಡಿಯ, ಮುನ್ನೂರು ಡಿಗ್ರಿವರೆಗೆ ತೋರಿಸುವ ಉಷ್ಣಮಾಪಕವೊಂದನ್ನು ತರಿಸಿ ಮುಂದಿನ ವಾರ ತೆಗೆದುಕೊಂಡು ಹೋದೆ. ಮೂಗಿನ ವಿಷಯ ಎತ್ತದೆಯೇ ಕೆಲಸ ಆಗಬೇಕಿತ್ತು. ಈಗಿನ ಕಾಲದಲ್ಲಿ ಎಲ್ಲರೂ ಹೀಗೇ ಹುರಿಯುತ್ತಾರೆ, ಇಷ್ಟು ಡಿಗ್ರಿಗೆ ಬಂದಾಗ ಇಳಿಸಿದರೆ ಪ್ರತಿ ಸಲ ಒಂದೇ ರುಚಿ ಬರುತ್ತದೆ ಎಂದು ವಿವರಿಸಿದೆ. ಮಾಮ ಅದನ್ನು ತಿರುವಿ ತಿರುವಿ ನೋಡಿದರು.

"ಯಾರಿಗೆ ಜ್ವರ ಪಾಪಾ? ನನಗೆ ಬಂದು ಹೋಯ್ತು. ಈಗ ಬೀಜಕ್ಕಾ?"

ಮೂಲೆಯ ಬೆಂಚಿನ ಮೇಲಿದ್ದವರು ನಕ್ಕರು. ಮಾಮ ಅದನ್ನು ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತುಹಾಕಿದರು. ತಿರುಗುವ ಡ್ರಮ್ಮಿನೊಳಗೆ ಅದನ್ನು ಇಳಿಬಿಡಲು ಜಾಗವೇ ಇಲ್ಲ ಎನ್ನುವುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಮಾಮನ ಅಂಗಡಿಯಲ್ಲಿ ನಾನು ಹೋದಾಗ ಬೇರೆ ಗಿರಾಕಿಗಳೇ ಇರುತ್ತಿರಲಿಲ್ಲ. ಹೆದ್ದಾರಿ ಪಕ್ಕ ಹೊಸ ಹೋಟೆಲೊಂದು ಆಗುತ್ತಿದೆ, ಅಲ್ಲಿಗೆ ನಲವತ್ತು ಕಿಲೋ ಕೇಳಿದ್ದಾರೆ, ಒಪ್ಪಿಗೆಯಾದರೆ ತಿಂಗಳು ತಿಂಗಳೂ ಕೊಡಬೇಕು ಎಂದು ಅವರು ಹೇಳಿದ್ದು ಅಂಥದೊಂದು ಮಂಗಳವಾರ.

"ಈ ಹೋಟೆಲ್ಲು ಕೈ ಹಿಡಿದ್ರೆ ಒಲೆ ಉರೀತದೆ ಪಾಪಾ. ಇಲ್ಲಾಂದ್ರೆ ಆರಿಸೋದೇ. ಮುಂದಿನ ವಾರ ಅವರ ಮನುಷ್ಯ ಬರ್ತಾರೆ, ನೀನೂ ಅದೇ ಹೊತ್ತಿಗೆ ಬಾ. ನೀನು ಓದಿರೋ ಹುಡುಗಿ, ನಿನ್ನ ಮಾತಿಗೆ ಬೆಲೆ."

ಮುಂದಿನ ಮಂಗಳವಾರ ನಾನು ಹೋಗುವಷ್ಟರಲ್ಲಿ ಐದೈದು ಕಿಲೋದ ಎಂಟು ಚೀಲಗಳು ಸಾಲಾಗಿ ನಿಂತಿದ್ದವು. ಎರಡು ದಿನ ಕೂತು ಎಂಟು ಸಲ ಹುರಿದಿದ್ದರಂತೆ. ಹೋಟೆಲಿನ ಮನುಷ್ಯ ಮೋಟರ್‌ಬೈಕಿನ ಬೀಗದ ಕೈಯನ್ನು ಬೆರಳಿಗೆ ಸುತ್ತುತ್ತ ಬಾಗಿಲಲ್ಲಿದ್ದ. ಮಾಮ ಶರ್ಟು ಬದಲಾಯಿಸಿದ್ದರು. ಮೊದಲ ಚೀಲದ ಬಾಯಿ ಬಿಚ್ಚಿ, ಚಿಟಿಕೆ ಪುಡಿಯನ್ನು ಅವನ ಕೈಗೆ ಹಾಕಲಿಲ್ಲ, ನನ್ನ ಕೈಗೆ ಹಾಕಿದರು.

"ಇವರು ಬಂಗಾರಪೇಟೇಲಿ ಕಾಫಿ ಅಂಗಡಿ ಇಟ್ಟಿದಾರೆ. ಎಂ.ಎಸ್ಸಿ.," ಎಂದು ಅವನಿಗೆ ಹೇಳಿ ನನ್ನ ಕಡೆ ತಿರುಗಿದರು. "ಸರಿಯಾ?"

ಮೂರು ಸುತ್ತು ಉಜ್ಜಿದೆ. ಸೀದಿತ್ತು. ಅನುಮಾನ ಪಡುವಂಥದ್ದಲ್ಲ, ಮೂಗಿನಿಂದ ಗಂಟಲಿಗೆ ಇಳಿಯುವಂಥ ಸೀದ ವಾಸನೆ. ಅತ್ತೆ ಒಳಬಾಗಿಲಲ್ಲಿ ಮೊರ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದರು. ಹೇಳು ಎಂದೋ, ಬೇಡ ಎಂದೋ, ಆ ಮುಖದಲ್ಲಿ ನನಗೆ ಓದಲಾಗಲಿಲ್ಲ. ಇಲ್ಲ ಎಂದರೆ ಇವನು ಈಗಲೇ ಹೊರಟುಹೋಗುತ್ತಾನೆ, ಮಾಮ ಇವನ ಮುಂದೆ, ಆ ಇಸ್ತ್ರಿ ಶರ್ಟಿನಲ್ಲಿ ನಿಲ್ಲಬೇಕಾಗುತ್ತದೆ. ಹೌದು ಎಂದರೆ ಪುಡಿ ಹೋಗುತ್ತದೆ, ಒಂದು ವಾರದಲ್ಲಿ ವಾಪಸು ಬರುತ್ತದೆ. ಇಷ್ಟೆಲ್ಲ ಆಗ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಇದು ಆಮೇಲೆ ಯೋಚಿಸಿದ್ದು. ಆಗ ನನ್ನ ಬಾಯಿಂದ ಬಂದದ್ದು ಇಷ್ಟು ವರ್ಷ ಬಂದದ್ದೇ.

ಮಾಮನ ಬಿಗಿದ ಭುಜಗಳು ಸಡಿಲಾದವು. ಹೋಟೆಲಿನವನು ತಾನೂ ಒಂದು ಚಿಟಿಕೆ ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು, "ಸರಿ ಸಾರ್" ಅಂದ. ಅವನು ಮೂಸಲಿಲ್ಲ ಎನ್ನುವುದನ್ನು ನಾನು ನೋಡಿದೆ.

ಚೀಲಗಳು ವಾಪಸು ಬರಲು ಒಂದು ವಾರ ಹಿಡಿಯಲಿಲ್ಲ, ಐದು ದಿನ ಸಾಕಾಯಿತು. ಮಂಗಳವಾರ ನಾನು ಒಳಗೆ ಕಾಲಿಟ್ಟಾಗ ಎಂಟೂ ಚೀಲ ಬಾಗಿಲ ಬಳಿಯೇ ಇದ್ದವು. ಒಂದರ ಬಾಯಿ ಮಾತ್ರ ತೆರೆದಿತ್ತು. ಉಳಿದವನ್ನು ಹೋಟೆಲಿನವರು ಬಿಚ್ಚಿಯೂ ನೋಡಿರಲಿಲ್ಲ. ಮಾಮ ಬೆಂಚಿನ ಮೇಲೆ ಕೂತಿದ್ದರು. ಅತ್ತೆ ನೆಲದ ಮೇಲೆ. ಬೆಳಿಗ್ಗೆಯೂ ಒಲೆ ಹೊತ್ತಿಸಿದಂತಿರಲಿಲ್ಲ.

"ಪಾಪಾ," ಅಂದರು, "ಅವತ್ತು ಸರಿ ಅಂದಿಯಲ್ಲ. ಸರಿಯಾಗೇ ಇತ್ತಾ?"

"ಇಲ್ಲ ಮಾಮಾ. ಸೀದಿತ್ತು."

"ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಅದಕ್ಕೆ ಮುಂಚೆ?"

"ಎಷ್ಟೋ ಸಲ ಸೀದಿರ್ತಿತ್ತು."

"ಅವಾಗ್ಲೂ ಸರಿ ಅಂದೆ."

"ಎಲ್ಲರೂ ಅಂತಿದ್ರು ಮಾಮಾ." ಇದನ್ನು ಹೇಳಬಾರದಿತ್ತು. ಹೇಳಿದ ಕೂಡಲೇ ಗೊತ್ತಾಯಿತು.

ಅವರು ಸ್ವಲ್ಪ ಹೊತ್ತು ತಮ್ಮ ಕೈಗಳನ್ನು ನೋಡಿಕೊಂಡರು. "ನನಗೆ ಮೂಗಿರ್ಲಿಲ್ಲ ಪಾಪಾ. ನಿಮಗೆಲ್ಲ ಮೂಗಿತ್ತು, ಬಾಯಿರ್ಲಿಲ್ಲ."

"ಅವಳನ್ನ ಯಾಕೆ ಅಂತೀರ?" ಅಂದರು ಅತ್ತೆ. "ನಾನು ಹೇಳ್ದಾಗ ಕೇಳಿದ್ರಾ?"

"ನೀನು ಸುಮ್ನಿರು."

"ಸುಮ್ನೇ ತಾನೇ ಇದೀನಿ, ಮದುವೆ ಆದಾಗಿಂದ."

ನಾನು ಹೊರಟುಬಿಡಬೇಕೆಂದುಕೊಂಡೆ. ಹೊರಡಲಿಲ್ಲ, ಏಕೆಂದರೆ ಮಾಮ ಎದ್ದು ಬಾಯಿ ತೆರೆದಿದ್ದ ಚೀಲವನ್ನು ಎಳೆದು ನನ್ನ ಮುಂದೆ ಇಟ್ಟು ಉಳಿದವುಗಳ ಹಗ್ಗ ಬಿಚ್ಚತೊಡಗಿದ್ದರು. ಎಂಟು ಸಲ ಹುರಿದದ್ದು, ಎಂಟೂ ಹಾಳಾಗಿರಲಾರದು, ಯಾವುದು ಒಳ್ಳೆಯದು ಹೇಳು ಅಂದರು. ಒಂದು ಸೀಮೆಸುಣ್ಣದ ತುಂಡನ್ನೂ ಕೈಗೆ ಕೊಟ್ಟರು, ಗುರುತು ಹಾಕಲು.

ಮೊದಲನೆಯದು ಹಿಂದಿನ ವಾರ ಮೂಸಿದ್ದೇ. ಅದರ ಮೇಲೆ ಅಡ್ಡಗೆರೆ ಹಾಕಿದೆ. ಎರಡನೆಯದೂ ಸೀದಿತ್ತು. ಮೂರನೆಯದು ಚೆನ್ನಾಗಿತ್ತು, ನಾನು ಚಿಕ್ಕಂದಿನಲ್ಲಿ ಈ ಅಂಗಡಿಯಲ್ಲಿ ಉಸಿರಾಡಿದ ವಾಸನೆಯೇ. "ಇದು ಚೆನ್ನಾಗಿದೆ ಮಾಮಾ" ಅಂದಾಗ ಅವರು ಬಗ್ಗಿ ಆ ಚೀಲದೊಳಗೆ ಮುಖ ಇಟ್ಟರು. ಬಹಳ ಹೊತ್ತು ಹಾಗೇ ಇದ್ದರು. ಮೇಲೆದ್ದು ಮುಂದಿನ ಚೀಲವನ್ನು ನನ್ನ ಮುಂದಕ್ಕೆ ಎಳೆದರು.

ನಾಲ್ಕನೆಯ ಚೀಲಕ್ಕೆ ಬಂದಾಗ ನನಗೆ ಯಾವ ವಾಸನೆಯೂ ತಿಳಿಯಲಿಲ್ಲ. ಮತ್ತೆ ಉಜ್ಜಿ ಮೂಸಿದೆ. ಇನ್ನೊಂದು ಚಿಟಿಕೆ ತೆಗೆದುಕೊಂಡೆ. ಎರಡು ಅಂಗೈಗಳೂ ಕಂದಾಗಿದ್ದವು, ಎಲ್ಲವೂ ಒಂದೇ ಆಗಿತ್ತು. ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲದೆ ಪುಡಿ ಹಿಡಿದುಕೊಂಡು ನಿಂತೆ.

"ಗೊತ್ತಾಗ್ತಿಲ್ಲ ಮಾಮಾ. ನನಗೂ ಗೊತ್ತಾಗ್ತಿಲ್ಲ."

ಅವರು ಗಾಬರಿಯಾಗಲಿಲ್ಲ. "ಆಗುತ್ತೆ. ಮೂಗು ಸೋತಿದೆ. ಹೊರಗೆ ಹೋಗಿ ನಿಂತ್ಕೋ. ನಿನ್ನ ತೋಳನ್ನೇ ಮೂಸ್ಕೋ, ಇಲ್ಲಿ, ಮೊಣಕೈ ಹತ್ರ. ನಮ್ಮ ಮೈವಾಸನೆ ಮೂಗನ್ನ ತೊಳೀತದೆ. ನಾನೂ ಹಾಗೇ ಮಾಡ್ತಿದ್ದೆ."

ಗಲ್ಲಿಯಲ್ಲಿ ನಿಂತು ನನ್ನ ತೋಳನ್ನು ಮೂಸಿಕೊಂಡೆ. ಹೋಗುವವರು ನೋಡಿದರು. ಗಾಳಿಯಲ್ಲಿ ಹಳೆಯ ಚಿನ್ನದ ಗಣಿಯ ಸೈನೈಡ್ ಗುಡ್ಡದ ಬಿಳಿ ಧೂಳಿತ್ತು, ಪಕ್ಕದ ಬೇಕರಿಯಿಂದ ಬಿಸ್ಕತ್ತು ಬೇಯುವ ವಾಸನೆ. ಅದು ತಿಳಿದಾಗ ಒಳಗೆ ಹೋದೆ. ಹೀಗೆ ಮೂರು ಸಲ ಒಳಗೆ ಹೊರಗೆ ಮಾಡಿ ಎಂಟು ಚೀಲ ಮುಗಿಸಿದೆ. ಮೂರು ಚೆನ್ನಾಗಿದ್ದವು. ಐದರ ಮೇಲೆ ಅಡ್ಡಗೆರೆ.

"ಮೂರು," ಅಂದರು ಮಾಮ. "ಮೂರಾದ್ರೂ ಇದೆ. ಅಂದ್ರೆ ಕೈ ಇನ್ನೂ ಮರೆತಿಲ್ಲ." ಅವರ ದನಿಯಲ್ಲಿ ಏನೋ ಎದ್ದಿತು. "ಪಾಪಾ, ಹುರಿಯೋವಾಗ ನೀನು ಪಕ್ಕದಲ್ಲಿ ನಿಂತ್ಕೊಂಡ್ರೆ ಆಗುತ್ತೆ. ಡ್ರಮ್ಮು ನಾನು ತಿರುಗಿಸ್ತೀನಿ. ಈಗ ಅಂತ ನೀನು ಹೇಳು ಸಾಕು. ಇವಳು ಹೇಳಿದ್ರೆ ನನಗೆ ಸಿಟ್ಟು ಬರುತ್ತೆ, ನೀನು ಹೇಳಿದ್ರೆ ಬರಲ್ಲ. ವಾರಕ್ಕೆ ಎರಡೇ ದಿನ."

"ಎಷ್ಟು ಹೊತ್ತಿಗೆ ಹುರೀತೀರ ಮಾಮಾ?"

"ಐದಕ್ಕೆ ಒಲೆ. ಬಿಸಿಲೇರಿದ ಮೇಲೆ ತಗಡಿನ ಕೆಳಗೆ ನಿಲ್ಲೋಕಾಗಲ್ಲ. ಇಷ್ಟು ವರ್ಷ ಹಾಗೇ."

ಐದಕ್ಕೆ ನಮ್ಮ ಅಂಗಡಿಯ ಮುಂದೆ ಮೂವತ್ತು ಜನ ಇರುತ್ತಾರೆ. ಅಮ್ಮನ ಮೊಣಕಾಲಿಗೆ ನಿಲ್ಲುವ ಶಕ್ತಿಯಿಲ್ಲ. ಆ ಹೊತ್ತು ಬಿಟ್ಟರೆ ನಮ್ಮ ವ್ಯಾಪಾರವೇ ಇಲ್ಲ. ಇದೆಲ್ಲ ಅವರಿಗೂ ಗೊತ್ತು. ನಾನು ಈ ಸಲ ಸರಿ ಎನ್ನಬಾರದು ಎಂದಷ್ಟೇ ಗಟ್ಟಿ ಮಾಡಿಕೊಂಡೆ.

"ಆಗಲ್ಲ ಮಾಮಾ. ಆ ಹೊತ್ತಲ್ಲಿ ನನಗೆ ಅಂಗಡಿ."

"ಆಮಾ, ಹೌದಲ್ವಾ," ಅಂದರು. ತಾವೇ ಏನೋ ತಪ್ಪು ಕೇಳಿದವರ ಹಾಗೆ ಅಂದರು. "ನಿನ್ನ ಅಂಗಡಿ ಇದೆಯಲ್ಲ."

ಒಳ್ಳೆಯ ಮೂರು ಚೀಲಗಳನ್ನೂ ನಾನೇ ಒಯ್ಯುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ಆರು ಕಿಲೋ ಮಾತ್ರ ತೂಗಿದರು. "ನಿನಗೆ ವಾರಕ್ಕೆ ಆರು. ಹೆಚ್ಚಿಗೆ ತಗೊಂಡು ಹೋಗಿ ಹಳಸಿದ ಮೇಲೆ ಅದಕ್ಕೂ ಸರಿ ಅಂತೀಯ." ಅದು ನಗಿಸಲು ಹೇಳಿದ್ದು. ಅತ್ತೆ ನಕ್ಕರು, ನನಗೆ ಆಗಲಿಲ್ಲ. ಡಬ್ಬದ ಮುಚ್ಚಳವನ್ನು ಅವರು ಅಂಗೈಯಿಂದ ಎರಡು ಸಲ ಗುದ್ದಿ ಕೂರಿಸಿದರು. ನಾನು ಹೊರಡುವಾಗ "ಮಂಗಳವಾರ ಬಾ" ಎಂದು ಹೇಳುವುದು ವಾಡಿಕೆ. ಆ ದಿನ "ಹುಷಾರಾಗಿ ಹೋಗು" ಅಂದರು.

ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಡಬ್ಬ ತೆರೆದು, ನನ್ನ ತಿಳಿವಳಿಕೆಯಲ್ಲಿ ಮೊದಲ ಸಲ, ಪುಡಿಯನ್ನು ಕೈಗೆ ಹಾಕಿಕೊಂಡು ನಿಜವಾಗಿ ಮೂಸಿದಳು.

"ಚೆನ್ನಾಗೈತಲ್ಲೇ," ಅಂದಳು. ಆಮೇಲೆ, "ನೀನೇಳಿದ್ದು ಒಳ್ಳೇದಾಯ್ತೋ ಕೆಟ್ಟದ್ದಾಯ್ತೋ, ನಂಗಂತೂ ತಿಳೀತಿಲ್ಲ ಕಣೇ," ಅಂದಳು.

ಮರುದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅಂಗಡಿ ತೆರೆದೆ. ಮಾಮನ ಪುಡಿಯನ್ನು ಏನೂ ಬೆರೆಸದೆ ಹಾಕಿ ಡಿಕಾಕ್ಷನ್ ಇಳಿಸಿದೆ. ಐದು ಗಂಟೆಗೆ ಹಾಲು ಎರಡನೆಯ ಸಲ ಉಕ್ಕಿತು. ತರಕಾರಿ ಹೆಂಗಸು ಒಂದು ಲೋಟ ಕುಡಿದು ಇನ್ನೊಂದು ಕೇಳಿದಳು, "ಇವತ್ತು ಯಾರ ಮುಖ ನೋಡ್ಕೊಂಡು ಎದ್ದೆ ಕಣಮ್ಮಾ, ಇಂಗೆ ಮಾಡಿದೀಯ?" ಎಂದು ನಕ್ಕಳು. ಅವಳಿಗೆ ಇನ್ನೊಂದು ಲೋಟ ಕೊಟ್ಟೆ. ಹತ್ತು ಗಂಟೆಗೆ ಜನ ಕರಗಿದ ಮೇಲೆ ಬಂಗಾರಪೇಟೆಯ ಯಂತ್ರದವರಿಗೆ ಫೋನು ಮಾಡಿ, ಮುಂದಿನ ಮಂಗಳವಾರದಿಂದ ಮೂರು ಬೇಡ, ಆರು ಕಿಲೋ ಬೇಕು ಅಂದೆ. ಅವರು ಬೀಜದ ಪಾಲು, ಚಿಕೋರಿಯ ಪಾಲು ಕೇಳಿದರು. ಹೇಳಿದೆ. ಬರೆದುಕೊಳ್ಳಲು ಹೊತ್ತು ಹಿಡಿಯಿತು, ಕಾದೆ.